ಸ್ಮರಣ ಸಂಚಿಕೆಗೆ ಯಾವುದು? ಸ್ಕ್ರೈಬಸ್, ಲಿಬ್ರೆಆಫೀಸ್, ಇಂಕ್‌ಸ್ಕೇಪ್ ಮತ್ತು ಅವುಗಳ ಹಳೆಯ ದೋಷಗಳು

ಯಾರು ಬೇಕಾದರೂ ಬಳಸಿ, ತಿದ್ದಿಕೊಳ್ಳಬಹುದಾದ ಮುಕ್ತ ತಂತ್ರಾಂಶವನ್ನೇ ಬಳಸಿ ಎಂದು ಸಲಹೆ ಕೊಡುವವರು ಸೌಲಭ್ಯಗಳ ಪಟ್ಟಿ ಒಪ್ಪಿಸುತ್ತಾರೆ. ನನಗೆ ಬೇಕಾದದ್ದು ತೊಂದರೆಗಳ ಪಟ್ಟಿ. ಯಾವುದರಲ್ಲಿ ಯಾವ ದೋಷ ವರ್ಷಗಟ್ಟಲೆ ಹಾಗೆಯೇ ಕುಳಿತಿದೆ, ಅದನ್ನು ತಪ್ಪಿಸಿಕೊಂಡು ಆಚೆ ಹೋಗಲು ದಾರಿ ಇದೆಯೇ ಎನ್ನುವುದು ಗೊತ್ತಾದರೆ ಆಯ್ಕೆ ಸುಲಭ. ಬೆಂಗಳೂರಿನ ನಮ್ಮ ಬಡಾವಣೆಯ ಕನ್ನಡ ಸಂಘ ರಾಜ್ಯೋತ್ಸವಕ್ಕೆ ತರುವ ಸ್ಮರಣ ಸಂಚಿಕೆಯ ಪುಟವಿನ್ಯಾಸ ನನ್ನ ಪಾಲಿನ ಕೆಲಸ. ಒಳಪುಟಗಳು ಕಪ್ಪುಬಿಳುಪು, ಹೊದಿಕೆ ನಾಲ್ಕು ಬಣ್ಣ, ಜತೆಗೊಂದು ಆಹ್ವಾನ ಪತ್ರಿಕೆ. ಬಾಡಿಗೆಯ ತಂತ್ರಾಂಶಕ್ಕೆ ತಿಂಗಳು ತಿಂಗಳೂ ಹಣ ಕಟ್ಟಲು ನಮ್ಮ ಖಜಾಂಚಿಗಳು ಒಪ್ಪುವುದಿಲ್ಲ. ವರ್ಷಕ್ಕೊಮ್ಮೆ ಬರುವ ಸಂಚಿಕೆಗೆ ಅದು ಬೇಕೆಂದು ವಾದಿಸುವ ಧೈರ್ಯ ನನಗೂ ಇಲ್ಲ. ಹಾಗಾಗಿ ಒಂದೇ ಸಂಚಿಕೆಯನ್ನು ಪುಟವಿನ್ಯಾಸದ ಸ್ಕ್ರೈಬಸ್, ಬರಹದ ಲಿಬ್ರೆಆಫೀಸ್ ರೈಟರ್, ಚಿತ್ರ ಬಿಡಿಸುವ ಇಂಕ್‌ಸ್ಕೇಪ್, ಈ ಮೂರರಲ್ಲೂ ಕಟ್ಟಿ ನೋಡಿದೆ.

ಸ್ಕ್ರೈಬಸ್ ಮೇಲೆ ಕನ್ನಡದವರಿಗಿದ್ದ ಸಿಟ್ಟು ನ್ಯಾಯವಾದದ್ದೇ. ಫ್ರಾನ್ಸ್ ಷ್ಮಿಡ್ ಆರಂಭಿಸಿದ ಇದರ 1.0 ಆವೃತ್ತಿ ಬಂದದ್ದು 2003ರಲ್ಲಿ. ಮುದ್ರಣದ ನಾಲ್ಕು ಶಾಯಿಗಳ ಸಿಎಂವೈಕೆ ಬಣ್ಣ, ತೆರೆಯ ಬಣ್ಣವನ್ನೂ ಅಚ್ಚಿನ ಬಣ್ಣವನ್ನೂ ಹೊಂದಿಸುವ ಐಸಿಸಿ ಪ್ರೊಫೈಲ್, ಪ್ರೆಸ್ಸಿನವರು ಕೇಳುವ ಪಿಡಿಎಫ್/ಎಕ್ಸ್-3, ಇವೆಲ್ಲ ಬಹಳ ಬೇಗ ಬಂದವು. ಕನ್ನಡ ಮಾತ್ರ ಬರಲಿಲ್ಲ. 2012ರ 1.4ರಲ್ಲಿ ಕೂಡ ಯೂನಿಕೋಡ್ ಕನ್ನಡ ಹಾಕಿದರೆ ‘ಅಕ್ಕ’ ಎಂಬುದು ಅ, ಕ, ಹಲಂತ, ಮತ್ತೊಂದು ಕ ಎಂದು ಸಾಲಾಗಿ ನಿಲ್ಲುತ್ತಿತ್ತು. ‘ಕರ್ನಾಟಕ’ದ ಅರ್ಕಾವತ್ತು ತನ್ನ ಜಾಗಕ್ಕೆ ಹೋಗುತ್ತಲೇ ಇರಲಿಲ್ಲ. ರಾಜ್ಯೋತ್ಸವದ ಸಂಚಿಕೆಯಲ್ಲಿ ನಾಡಿನ ಹೆಸರೇ ಸರಿಯಾಗಿ ಮೂಡದಿದ್ದರೆ ಉಳಿದ ಸೌಲಭ್ಯ ಇಟ್ಟುಕೊಂಡು ಏನು ಮಾಡುವುದು? ಅನೇಕರು ಯೂನಿಕೋಡ್ ಬಿಟ್ಟು ಹಳೆಯ ಆಸ್ಕಿ ಫಾಂಟುಗಳಿಗೇ ಅಂಟಿಕೊಂಡರು. ಅವುಗಳಲ್ಲಿ ಒತ್ತಕ್ಷರವೂ ಬಿಡಿ ತುಂಡಾಗಿಯೇ ಇರುವುದರಿಂದ ತಂತ್ರಾಂಶ ಅಕ್ಷರ ಜೋಡಿಸುವ ಪ್ರಮೇಯವೇ ಬರುವುದಿಲ್ಲ.

ಗಂಟು ಬಿಚ್ಚಿದ್ದು 2017ರ 1.5.3ರಲ್ಲಿ, ಅಕ್ಷರಗಳನ್ನು ಕೂಡಿಸಿ ಮೂಡಿಸುವ ಹಾರ್ಫ್‌ಬಝ್ ಎಂಬ ತಂತ್ರಾಂಶವನ್ನು ಆಧರಿಸಿದ ಹೊಸ ಪಠ್ಯ ಜೋಡಣೆಯಿಂದ. ಅದಕ್ಕೆ ದುಡಿದವರಲ್ಲಿ ಒಮಾನಿನ ತಂಡವೊಂದೂ ಇತ್ತು. ಅರಬ್ಬಿ ಬೇಕಾದವರು ಹಾಕಿದ ದಾರಿಯಲ್ಲಿ ಕನ್ನಡವೂ ಬಂತು. ಆದರೆ 1.5 ಸರಣಿಗೆ ‘ಅಭಿವೃದ್ಧಿ ಹಂತದ್ದು’ ಎಂಬ ಹಣೆಪಟ್ಟಿ ಇತ್ತು. ಅದರಲ್ಲಿ ಮಾಡಿದ ಕಡತ 1.4ರಲ್ಲಿ ತೆರೆಯುತ್ತಲೂ ಇರಲಿಲ್ಲ. ಸ್ಥಿರ ಆವೃತ್ತಿಯೇ ಬೇಕೆಂದು ಕಾದವರಿಗೆ 1.6 ಸಿಕ್ಕಿದ್ದು 2024ರ ಜನವರಿಯಲ್ಲಿ. ಈಗ ಒತ್ತಕ್ಷರಗಳು ಸರಿಯಾಗಿ ಕೂರುತ್ತವೆ, ಬಣ್ಣಕ್ಕೊಂದರಂತೆ ಮಾಡುವ ಹೊದಿಕೆಯ ಅಚ್ಚಿನ ಪ್ಲೇಟುಗಳೂ ಚೆನ್ನಾಗಿ ಬಂದವು. ಉದ್ದನೆಯ ಲೇಖನ ತಿದ್ದುವಾಗ ಮಾತ್ರ ನನ್ನ ಹಳೆಯ ಲ್ಯಾಪ್‌ಟಾಪಿನಲ್ಲಿ ತೆವಳುತ್ತದೆ. ಕೊನೆಯ ಗಳಿಗೆಯಲ್ಲಿ ಅಧ್ಯಕ್ಷರ ಸಂದೇಶ ಬದಲಾಗುವುದು ನಮ್ಮಲ್ಲಿ ಸಂಪ್ರದಾಯವಾದ್ದರಿಂದ ಇದು ಸಣ್ಣ ಕುಂದಲ್ಲ.

ಲಿಬ್ರೆಆಫೀಸ್ ರೈಟರ್‌ನ ಕಿರಿಕಿರಿ ಬೇರೆ ಬಗೆಯದು. ಅಕ್ಷರ ವಿನ್ಯಾಸದ ಕಿಟಕಿಯಲ್ಲಿ ಪಾಶ್ಚಾತ್ಯ ಲಿಪಿಗೆ ಒಂದು ಫಾಂಟು, ಸಿಟಿಎಲ್ ಎಂಬ ಹೆಸರಿನಡಿ ಸಂಕೀರ್ಣ ಲಿಪಿಗಳಿಗೆ ಇನ್ನೊಂದು. ಕನ್ನಡ ಎರಡನೆಯದಕ್ಕೆ ಸೇರಿದ್ದು. ಹೊಸಬರು ಮೊದಲ ಖಾನೆಯಲ್ಲಿ ಗಾತ್ರವನ್ನು 12ರಿಂದ 14ಕ್ಕೆ ಏರಿಸುತ್ತಾರೆ, ಕನ್ನಡ ಕದಲುವುದಿಲ್ಲ. ತಂತ್ರಾಂಶ ಕೆಟ್ಟಿದೆ ಎಂದು ಎದ್ದು ಹೋಗುತ್ತಾರೆ. ಲಿಬ್ರೆಆಫೀಸಿನ ಮೂಲವಾದ ಓಪನ್‌ಆಫೀಸ್ ಕಾಲದಿಂದ ಬಂದ ಏರ್ಪಾಡು ಇದು. ಒಮ್ಮೆ ಶೈಲಿಗಳಲ್ಲಿ ಸಿಟಿಎಲ್ ಖಾನೆಯನ್ನು ಸರಿಪಡಿಸಿಟ್ಟರೆ ಮತ್ತೆ ಕಾಡುವುದಿಲ್ಲ. ಕಾಡುವುದು ಬಣ್ಣ. ಇಲ್ಲಿನ ಪಿಡಿಎಫ್ ಆರ್‌ಜಿಬಿಯಲ್ಲೇ, ಅಂದರೆ ತೆರೆಗೆ ಹೊಂದುವ ಕೆಂಪು, ಹಸಿರು, ನೀಲಿಯ ಲೆಕ್ಕದಲ್ಲೇ ಬರುತ್ತದೆ. ಪ್ರೆಸ್ಸಿನಲ್ಲಿ ಅದನ್ನು ನಾಲ್ಕು ಬಣ್ಣಕ್ಕೆ ಒಡೆಯುವಾಗ ಎಚ್ಚರ ತಪ್ಪಿದರೆ ಕಪ್ಪು ಅಕ್ಷರವೂ ನಾಲ್ಕು ಪ್ಲೇಟಿಗೆ ಹಂಚಿಹೋಗುತ್ತದೆ. ಪ್ಲೇಟು ಕೂದಲೆಳೆಯಷ್ಟು ಸರಿದರೂ 9 ಪಾಯಿಂಟಿನ ಒತ್ತಕ್ಷರದ ಅಂಚಿಗೆ ಗುಲಾಬಿ ಛಾಯೆ. ಕಣ್ಣು ಕಿರಿದು ಮಾಡಿ ಓದಬೇಕು. ಒಳಪುಟಗಳು ಒಂದೇ ಬಣ್ಣದವಾದ್ದರಿಂದ ನಾನು ಪಿಡಿಎಫ್ ಅನ್ನು ಘೋಸ್ಟ್‌ಸ್ಕ್ರಿಪ್ಟ್ ಎಂಬ ಪರಿವರ್ತಕ ತಂತ್ರಾಂಶದ ಮೂಲಕ ಬೂದು ಛಾಯೆಗೆ ತಿರುಗಿಸಿ ಕಳಿಸುತ್ತೇನೆ. ಅಲ್ಲಿಗೆ ತಂಟೆ ಮುಗಿಯಿತು.

ಲಿಬ್ರೆಆಫೀಸ್ ಯೋಜನೆಯ ಒಂದು ರೂಢಿ ನನಗೆ ಹಿಡಿಸಿದೆ. ವರ್ಷಕ್ಕೂ ಹೆಚ್ಚು ಕಾಲ ಯಾರೂ ಮುಟ್ಟದ ದೋಷ ವರದಿಗೆ ಅಲ್ಲಿಂದ ಒಂದು ಯಾಂತ್ರಿಕ ಸಂದೇಶ ಬರುತ್ತದೆ: ಹೊಸ ಆವೃತ್ತಿಯಲ್ಲೂ ಈ ತೊಂದರೆ ಇದೆಯೇ, ದಯವಿಟ್ಟು ನೋಡಿ ಹೇಳಿ. ಸರಿಪಡಿಸದೆ ಪ್ರಶ್ನೆ ಬೇರೆ ಕೇಳುತ್ತಾರಲ್ಲ ಎಂದು ಮೈ ಉರಿಯುವವರಿದ್ದಾರೆ. ನನಗದು ಬಾಗಿಲು ಇನ್ನೂ ತೆರೆದಿದೆ ಎಂಬುದರ ಗುರುತು. ಇದೇ ಬಳ್ಳಿಯ ಇನ್ನೊಂದು ಕವಲಾದ ಅಪಾಚೆ ಓಪನ್‌ಆಫೀಸ್ 2014ರ 4.1ರ ನಂತರ ಸಣ್ಣ ಪರಿಷ್ಕರಣೆಗಳಲ್ಲೇ ಉಳಿದಿದೆ. ಲಿಬ್ರೆಆಫೀಸ್ ವರ್ಷಕ್ಕೆ ಎರಡು ಬಾರಿ ಹೊಸ ಆವೃತ್ತಿ ತರುತ್ತದೆ. ದುಡಿಯುವ ಕೈಗಳು ಎತ್ತ ಹೋಗಿವೆ ಎಂದು ಬೇರೆ ಹೇಳಬೇಕಿಲ್ಲ.

ಇಂಕ್‌ಸ್ಕೇಪ್ ಬಗ್ಗೆ ಚುಟುಕಾಗಿ ಹೇಳಬಹುದು. ಒಂದೇ ಹಾಳೆಯ ಆಹ್ವಾನ ಪತ್ರಿಕೆಗೆ ಇದಕ್ಕಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ. ಕನ್ನಡ ಸೊಗಸಾಗಿ ಮೂಡುತ್ತದೆ. ಅಕ್ಷರಗಳನ್ನು ರೇಖೆಗಳಾಗಿ ಪರಿವರ್ತಿಸಿ ಕೊಟ್ಟರೆ ಪ್ರೆಸ್ಸಿನಲ್ಲಿ ಫಾಂಟಿಲ್ಲ ಎಂಬ ರಗಳೆಯೂ ಇಲ್ಲ. 2003ರಲ್ಲಿ ಹುಟ್ಟಿದ ಇದಕ್ಕೆ ಒಂದೇ ಕಡತದಲ್ಲಿ ಹಲವು ಪುಟ ಇಡುವ ಅನುಕೂಲ ಬಂದದ್ದು 2022ರ 1.2ರಲ್ಲಿ. ಪಿಡಿಎಫ್ ಇಲ್ಲಿಯೂ ಆರ್‌ಜಿಬಿಯೇ. ಇನ್ನೊಂದು ಸ್ವಾರಸ್ಯವಿದೆ: ಕಡತ ಆರಿಸುವ ಕಿಟಕಿಯಲ್ಲಿ ಕಿರುಚಿತ್ರಗಳು ಕಾಣಬೇಕೆಂದು, ಇಂಥ ತಂತ್ರಾಂಶಗಳಿಗೆ ಕಿಟಕಿ, ಗುಂಡಿಗಳನ್ನು ಒದಗಿಸುವ ಜಿಟಿಕೆ ಯೋಜನೆಗೆ 2004ರಲ್ಲಿ ಸಲ್ಲಿಸಿದ್ದ ಬೇಡಿಕೆ 2023ರ ಜಿಟಿಕೆ 4.10ರಲ್ಲಿ ಈಡೇರಿತು. ನಾನು ಬಳಸುವ ಇಂಕ್‌ಸ್ಕೇಪ್ ಇನ್ನೂ ಜಿಟಿಕೆ 3ರ ಮೇಲೆ ನಿಂತಿದೆ. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ ಎನ್ನಲು ಇಲ್ಲಿ ಪೂಜಾರಿಗೆ ಸಂಬಳವೂ ಇಲ್ಲ.

ಸಂಬಳವಿಲ್ಲದವರ ಮೇಲೆ ಎಷ್ಟು ರೇಗಬಹುದು? ‘ಬೇಕಿದ್ದರೆ ನೀವೇ ಸರಿಪಡಿಸಿಕೊಳ್ಳಿ’ ಎಂಬ ಉತ್ತರ ನನಗೂ ಸಿಟ್ಟು ತರಿಸುತ್ತದೆ. ಡಿಟಿಪಿ ಮಾಡುವವರು ಸಿ++ ಕಲಿತು ಬರಬೇಕೆಂದರೆ ಸಂಚಿಕೆ ಯಾವ ನವೆಂಬರ್‌ಗೆ ಹೊರಬರಬೇಕು? ಆದರೆ ಕಡತಗಳನ್ನು ಕುಗ್ಗಿಸುವ ಎಕ್ಸ್‌ಝಡ್ ಎಂಬ ತಂತ್ರಾಂಶದ ಪ್ರಕರಣ ಓದಿದ ಮೇಲೆ ನನ್ನ ದನಿ ತಗ್ಗಿದೆ. ಲಾಸ್ಸೆ ಕಾಲಿನ್ ಬಿಡುವಿನಲ್ಲಿ, ಸಂಬಳವಿಲ್ಲದೆ ನೋಡಿಕೊಳ್ಳುತ್ತಿದ್ದ ಆ ಸಣ್ಣ ತಂತ್ರಾಂಶ ನಿಧಾನವಾಯಿತೆಂದು 2022ರಲ್ಲಿ ಕೆಲವು ಹೆಸರುಗಳು ಒಂದೇ ಸಮನೆ ದೂರಿ, ಬೇರೆಯವರಿಗೆ ಹೊಣೆ ಕೊಡಿ ಎಂದು ಒತ್ತಾಯಿಸಿದವು. ಹಾಗೆ ಒಳಬಂದ ಸಹಾಯಕನ ಖಾತೆಯಿಂದಲೇ, ಗುಟ್ಟಾಗಿ ಒಳನುಗ್ಗಲು ಬಿಡುವ ಹಿಂಬಾಗಿಲು ಅದರಲ್ಲಿ ಸೇರಿಕೊಂಡಿತು. 2024ರ ಮಾರ್ಚ್‌ನಲ್ಲಿ ಆಂಡ್ರೆಸ್ ಫ್ರಾಯಿಂಡ್ ಎಂಬ ತಂತ್ರಜ್ಞ ಅದನ್ನು ಪತ್ತೆ ಹಚ್ಚದಿದ್ದರೆ ಅಸಂಖ್ಯ ಲಿನಕ್ಸ್ ಯಂತ್ರಗಳಿಗೆ ಕನ್ನ ಬೀಳುತ್ತಿತ್ತು. ಈಗ ನಾನು ದೂರುವಾಗ ಬೈಗುಳ ಬಿಟ್ಟು, ತೊಂದರೆ ಕಾಣುವ ಒಂದೇ ಪುಟದ ಕಡತ, ಫಾಂಟಿನ ಹೆಸರು, ಹೇಗೆ ಮೂಡಬೇಕಿತ್ತು ಎಂಬ ಚಿತ್ರ, ಇಷ್ಟನ್ನು ಕಳಿಸುತ್ತೇನೆ. ಕನ್ನಡ ಓದಲು ಬಾರದವರಿಗೂ ಎರಡು ಚಿತ್ರ ಪಕ್ಕಪಕ್ಕ ಇಟ್ಟರೆ ವ್ಯತ್ಯಾಸ ಕಾಣುತ್ತದೆ.

ನನ್ನ ತೀರ್ಮಾನ ಹೀಗಿದೆ. ಒಳಪುಟಗಳು ರೈಟರ್‌ನಲ್ಲಿ, ಹೊದಿಕೆ ಸ್ಕ್ರೈಬಸ್ 1.6ರಲ್ಲಿ, ಆಹ್ವಾನ ಪತ್ರಿಕೆ ಇಂಕ್‌ಸ್ಕೇಪ್‌ನಲ್ಲಿ. ಒಂದನ್ನೇ ಕಲಿಯಲು ಸಮಯವಿರುವವರು, ಬಣ್ಣದ ಪುಟ ಹೆಚ್ಚಿದ್ದರೆ ಸ್ಕ್ರೈಬಸ್ ಹಿಡಿಯಲಿ, ಲೇಖನಗಳೇ ಹೆಚ್ಚಿದ್ದರೆ ರೈಟರ್. ಇಂಕ್‌ಸ್ಕೇಪ್ ನೇರವಾಗಿ ಸಿಎಂವೈಕೆ ಪಿಡಿಎಫ್ ಕೊಡುವಂತಾದರೆ ಹೊದಿಕೆಯನ್ನೂ ಅಲ್ಲಿಗೇ ಒಯ್ಯುತ್ತೇನೆ. ಈ ವರ್ಷದ ಸಂಚಿಕೆಗೆ ಅದನ್ನು ನಂಬಿ ಕೂರುವುದಿಲ್ಲ.