ಥ್ರಾಟಲ್ ಬಾಡಿ ಬದಲಾಯಿಸುವ ಮೊದಲು ಕಾತ್ರಜ್ ಕಡೆಯ ಈ ಗ್ಯಾರೇಜ್‌ಗೆ ಹೋಗಿ

ಪುಣೆಯಲ್ಲಿ ಹಳೇ ಪೆಟ್ರೋಲ್ ಕಾರು ಇಟ್ಟುಕೊಂಡಿರುವ ನಮ್ಮವರಿಗಾಗಿ ಬರೆಯುತ್ತಿದ್ದೇನೆ. ನನ್ನ ಗಾಡಿ ಓಡುವಾಗ ಚೆನ್ನಾಗಿಯೇ ಇರುತ್ತಿತ್ತು. ಸಿಗ್ನಲ್‌ನಲ್ಲಿ ನಿಂತರೆ ಮಾತ್ರ ಆರ್‌ಪಿಎಂ ಮುಳ್ಳು ಮೇಲೆ ಕೆಳಗೆ ಆಡಿ, ಒಮ್ಮೊಮ್ಮೆ ಎಂಜಿನ್ ಆಫ್ ಆಗಿಬಿಡುತ್ತಿತ್ತು. ಸ್ವಾರ್‌ಗೇಟ್‌ನಲ್ಲಿ ಹಾಗಾದರೆ ಹಿಂದಿನವರ ಹಾರ್ನ್ ಹೇಗಿರುತ್ತೆ ಅಂತ ಗೊತ್ತಲ್ವಾ? ಒಂದು ದೊಡ್ಡ ಸರ್ವೀಸ್ ಸೆಂಟರ್‌ನವರು ಬಿಚ್ಚಿ ನೋಡದೆಯೇ ‘ಥ್ರಾಟಲ್ ಬಾಡಿ ಪೂರ್ತಿ ಹೊಸದು ಹಾಕಬೇಕು’ ಅಂದರು. ಯಾಕೆ ಅಂತ ಕೇಳಿದರೆ ಉತ್ತರವಿಲ್ಲ.

ಈ ಗ್ಯಾರೇಜ್‌ನ ಮೆಕ್ಯಾನಿಕ್ ವಿಜಯಪುರದ ಕಡೆಯವರು. ಸ್ಪ್ಯಾನರ್ ಎತ್ತುವ ಮೊದಲು ಸ್ಕ್ಯಾನರ್ ಹಾಕಿದರು, ಸೆನ್ಸರ್ ದೋಷ ಯಾವುದೂ ಇರಲಿಲ್ಲ. ಆಮೇಲೆ ನನ್ನನ್ನೇ ಕರೆದು, ‘ಅಕ್ಕಾರ, ಏರ್ ಫಿಲ್ಟರ್ ಡಬ್ಬಿಯಿಂದ ಈ ಕರಿ ರಬ್ಬರ್ ಪೈಪ್ ಎಲ್ಲಿಗೆ ಹೋಗ್ತದ ನೋಡ್ರಿ’ ಅಂದರು. ಆ ಪೈಪ್ ಕ್ಲಾಂಪ್ ಹಾಕಿಕೊಂಡು ಮುಗಿಯುವ ಕಡೆ, ಇನ್‌ಟೇಕ್ ಮ್ಯಾನಿಫೋಲ್ಡ್‌ಗೆ (ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಕೊಳವೆಗೆ) ಬೋಲ್ಟ್ ಹಾಕಿ ಕೂರಿಸಿದ ಅಲ್ಯೂಮಿನಿಯಂ ಭಾಗವೇ ಥ್ರಾಟಲ್ ಬಾಡಿ. ಒಳಗೆ ಒಂದು ದುಂಡನೆಯ ತಟ್ಟೆ ಇದೆ. ಆಕ್ಸಿಲರೇಟರ್ ತುಳಿದರೆ ನೇರವಾಗಿ ಪೆಟ್ರೋಲ್ ಹೋಗುತ್ತೆ ಅಂತ ಸುಮಾರು ಜನ ಅಂದುಕೊಂಡಿದ್ದಾರೆ. ತಿರುಗುವುದು ಈ ತಟ್ಟೆ, ಒಳಗೆ ಹೋಗುವುದು ಗಾಳಿ. ಎಷ್ಟು ಗಾಳಿ ಹೋಯಿತು ಅಂತ ಸೆನ್ಸರ್‌ನಿಂದ ತಿಳಿದುಕೊಂಡು ಇಸಿಯು, ಅಂದರೆ ಎಂಜಿನ್ನಿನ ಕಂಪ್ಯೂಟರ್, ಅದಕ್ಕೆ ತಕ್ಕಷ್ಟು ಪೆಟ್ರೋಲ್ ಬಿಡುತ್ತದೆ, ತೂಕದ ಲೆಕ್ಕದಲ್ಲಿ ಸುಮಾರು 14.7 ಪಾಲು ಗಾಳಿಗೆ 1 ಪಾಲು. ಹಳೇ ಗಾಡಿಗಳಲ್ಲಿ ತಟ್ಟೆಯನ್ನು ಕೇಬಲ್ ಎಳೆಯುತ್ತಿತ್ತು, ಈಗಿನವುಗಳಲ್ಲಿ ಚಿಕ್ಕ ಮೋಟಾರ್ ತಿರುಗಿಸುತ್ತದೆ.

ಪೈಪ್ ಬಿಚ್ಚಿದರೆ ತಟ್ಟೆಯ ಅಂಚೆಲ್ಲ ಕಪ್ಪು ಜಿಡ್ಡು! ಎಂಜಿನ್ನಿನ ಆಯಿಲ್ ಆವಿ ಬ್ರೀದರ್ ಪೈಪಿನಿಂದ ವಾಪಸ್ ಬಂದು ಹೀಗೆ ಅಂಟಿಕೊಳ್ಳುತ್ತದಂತೆ. ಐಡ್ಲಿಂಗ್‌ನಲ್ಲಿ, ಅಂದರೆ ಗಾಡಿ ನಿಂತು ಎಂಜಿನ್ ಮಾತ್ರ ಚಾಲೂ ಇರುವಾಗ, ತಟ್ಟೆ ಕೂದಲೆಳೆಯಷ್ಟೇ ತೆರೆದಿರುತ್ತೆ, ಅಷ್ಟು ಸಂದನ್ನು ಮುಚ್ಚಲು ಈ ಮಸಿ ಸಾಕು. ಓಡುವಾಗ ತಟ್ಟೆ ಜಾಸ್ತಿ ತೆರೆಯುವುದರಿಂದ ಏನೂ ಗೊತ್ತಾಗಲ್ಲ.

ಕೆಲಸ ಮಾತ್ರ ಬಹಳ ನಾಜೂಕು. ಬ್ಯಾಟರಿ ವೈರ್ ತೆಗೆದು, ಥ್ರಾಟಲ್ ಬಾಡಿಗೆಂದೇ ಬರುವ ಸ್ಪ್ರೇಯನ್ನು ಬಟ್ಟೆಗೆ ಹಾಕಿ ಒರೆಸಿದರು. ಹುಡುಗ ಬೆರಳಿನಿಂದ ತಟ್ಟೆ ಒತ್ತಲು ಹೋದಾಗ ‘ಏ, ಒತ್ತಬ್ಯಾಡ, ಒಳಗಿನ ಗೇರ್ ಹೋಗ್ತಾವ’ ಅಂತ ಗದರಿದರು. ಕೊನೆಗೆ ಸ್ಕ್ಯಾನರ್‌ನಲ್ಲಿ ಐಡಲ್ ರೀಸೆಟ್, ಅಂದರೆ ಐಡ್ಲಿಂಗ್‌ನಲ್ಲಿ ತಟ್ಟೆ ಎಷ್ಟು ತೆರೆಯಬೇಕು ಅಂತ ಇಸಿಯುಗೆ ಹೊಸದಾಗಿ ಕಲಿಸುವುದು. ಇದನ್ನು ಬಿಟ್ಟರೆ ಎಷ್ಟೋ ಗಾಡಿಗಳಲ್ಲಿ ಕ್ಲೀನ್ ಮಾಡಿದ ಮೇಲೆ ಆರ್‌ಪಿಎಂ ಇನ್ನೂ ಏರುತ್ತೆ. ಈಗ ಮುಳ್ಳು 800ರ ಹತ್ತಿರ ಅಲುಗಾಡದೆ ನಿಂತಿರುತ್ತೆ. ತೆಗೆದುಕೊಂಡದ್ದು 900 ರೂಪಾಯಿ, ನನಗೇನೂ ಜಾಸ್ತಿ ಅನಿಸಲಿಲ್ಲ.

ತೊಂದರೆಗಳೂ ಇವೆ. ಪಾರ್ಕಿಂಗ್ ಇಲ್ಲ. ಎಂಜಿನ್ ತಣ್ಣಗಾಗುವವರೆಗೆ ಕಾಯಿಸುತ್ತಾರೆ, ಕೂರಲು ಕುರ್ಚಿಯೂ ಸಿಗಲ್ಲ, ಬೆಳಿಗ್ಗೆ ಬೇಗ ಹೋಗುವುದೇ ವಾಸಿ. ಬಿಲ್ ಅಂದರೆ ಚೀಟಿಯಲ್ಲಿ ಬರೆದುಕೊಡುತ್ತಾರೆ ಅಷ್ಟೇ, ಹಾಗಾಗಿ ವಾರಂಟಿ ಇನ್ನೂ ಇರುವ ಗಾಡಿಯನ್ನು ಸುಮ್ನೆ ಇಲ್ಲಿಗೆ ಒಯ್ಯಬೇಡಿ.