ಇಂಗ್ಲೆಂಡಿನ ಕೇರ್ ಹೋಮ್ 'ಟಾಪ್ ಅಪ್' ಕಾಗದ: ಸಹಿ ಹಾಕುವ ಮುಂಚೆ ಇದನ್ನು ಓದಿ

ಇಂಗ್ಲೆಂಡಿನಲ್ಲಿ ಮನೆಯ ಹಿರಿಯರನ್ನು ಕೌನ್ಸಿಲ್ (ಅಲ್ಲಿನ ಸ್ಥಳೀಯ ಆಡಳಿತ) ಮೂಲಕ ಹಿರಿಯರ ಆರೈಕೆಯ ಕೇರ್ ಹೋಮ್‌ಗೆ ಸೇರಿಸುವ ಪರಿಸ್ಥಿತಿ ಬಂದಿದ್ದರೆ ದಯವಿಟ್ಟು ಇದನ್ನು ಪೂರ್ತಿ ಓದಿ. 'ಟಾಪ್ ಅಪ್' ಅಂತ ಒಂದು ಕಾಗದ ಮುಂದಿಡುತ್ತಾರೆ. ಅಂದರೆ ಹೋಮ್ ಶುಲ್ಕ ಕೌನ್ಸಿಲ್ ಕೊಡುವ ದರಕ್ಕಿಂತ ಜಾಸ್ತಿ ಇದ್ದರೆ ಆ ವ್ಯತ್ಯಾಸವನ್ನು ಮನೆಯವರು ಕಟ್ಟುವುದು. ಟಾಪ್ ಅಪ್ ಇಲ್ಲದ ಹೋಮ್ ಯಾವುದು ಅಂತ ಕೇಳಿ. ಕೌನ್ಸಿಲ್‌ನಿಂದ ಬರವಣಿಗೆಯಲ್ಲಿ ಉತ್ತರ ಬರುವ ತನಕ ಅದಕ್ಕೆ ಸಹಿ ಹಾಕಬೇಡಿ. ಯಾರು ಎಷ್ಟೇ ಅವಸರ ಮಾಡಲಿ, ಹಾಕಬೇಡಿ. ನನ್ನಿಂದ ವಾರಕ್ಕೆ 90 ಪೌಂಡ್ ವಸೂಲಿ ಮಾಡುತ್ತಿದ್ದಾರೆ. ವರ್ಷಕ್ಕೆ 4,680 ಪೌಂಡ್. ಅದನ್ನು ಕೊಡಬೇಕಾಗೇ ಇರಲಿಲ್ಲ!

ದೊಡ್ಡಪ್ಪ ದಾವಣಗೆರೆಯವರು. ಎಪ್ಪತ್ತರ ದಶಕದಲ್ಲಿ ಇಲ್ಲಿಗೆ ಬಂದು ಅಂಚೆ ಕಚೇರಿಯಲ್ಲಿ ದುಡಿದು ರಿಟೈರ್ ಆದರು. ಮಕ್ಕಳಿಲ್ಲ. ಸ್ಟ್ರೋಕ್ ಆಗಿ ಬಲಗಡೆ ಸ್ವಾಧೀನ ತಪ್ಪಿದೆ, ಗಟ್ಟಿ ಊಟ ನುಂಗಲು ಆಗುವುದಿಲ್ಲ. ದೊಡ್ಡಮ್ಮನಿಗೆ ಮಂಡಿ ನೋವು, ಅವರನ್ನು ಎಬ್ಬಿಸಿ ಕೂರಿಸುವುದು ಆಗದ ಮಾತು. ಕೌನ್ಸಿಲ್‌ನವರೇ ಅಸೆಸ್‌ಮೆಂಟ್ (ಏನೇನು ಆರೈಕೆ ಬೇಕು ಅನ್ನುವ ಪರಿಶೀಲನೆ) ಮಾಡಿ ಕೇರ್ ಹೋಮ್ ಬೇಕು ಅಂತ ಬರೆದರು. ದೊಡ್ಡಪ್ಪನ ಉಳಿತಾಯ 14,250 ಪೌಂಡ್‌ಗಿಂತ ಕಡಿಮೆ, ಹಾಗಾಗಿ ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ದೊಡ್ಡಮ್ಮ ಮನೆಯಲ್ಲೇ ಇರುವುದರಿಂದ ಮನೆಯ ಬೆಲೆ ಲೆಕ್ಕಕ್ಕೆ ಬರುವುದಿಲ್ಲ. ದೊಡ್ಡಪ್ಪನ ಪಿಂಚಣಿಯಿಂದ ಅವರ ಪಾಲು ಹಿಡಿದುಕೊಂಡು, ಕೈಖರ್ಚಿಗೆ ವಾರಕ್ಕೆ ಸುಮಾರು 30 ಪೌಂಡ್ ಬಿಟ್ಟು, ಉಳಿದ ಶುಲ್ಕವನ್ನು ಕೌನ್ಸಿಲ್ ಕಟ್ಟಬೇಕು. ಇಲ್ಲಿತನಕ ಎಲ್ಲವೂ ಸರಿಯಾಗಿಯೇ ನಡೆಯಿತು.

ತಕರಾರು ಶುರುವಾದದ್ದು ಊಟದಿಂದ. ದೊಡ್ಡಪ್ಪ ಹುಟ್ಟಿನಿಂದ ಸಸ್ಯಾಹಾರಿ, ಲಿಂಗ ಪೂಜೆ ಮಾಡದೆ ನೀರು ಮುಟ್ಟದವರು. ಮೊದಲು ತೋರಿಸಿದ ಹೋಮ್‌ನಲ್ಲಿ ಮ್ಯಾನೇಜರ್ ನಗುನಗುತ್ತಾ, "ಏನೂ ತೊಂದರೆ ಇಲ್ಲ, ಚಿಕನ್ ತುಂಡು ತೆಗೆದು ಬರೀ ಗ್ರೇವಿ ಬಡಿಸುತ್ತೇವೆ" ಅಂದರು. ಅವರಿಗೆ ಅದು ನಿಜಕ್ಕೂ ಸಸ್ಯಾಹಾರ! ಆಮೇಲೆ ಇನ್ನೊಂದು ಹೋಮ್ ಸಿಕ್ಕಿತು. ಅಲ್ಲಿ ಗುಜರಾತಿ ಅಡುಗೆಯವರಿದ್ದರು. ಮೆತ್ತಗಿನ ಖಿಚಡಿ, ತಿಳಿ ದಾಲ್, ಮೊಸರು. ನುಂಗಲು ಕಷ್ಟಪಡುವವರಿಗೆ ಇನ್ನೇನು ಬೇಕು?

ಒಂದು ಶುಕ್ರವಾರ ಮಧ್ಯಾಹ್ನ ಕೌನ್ಸಿಲ್‌ನ ಸೋಷಿಯಲ್ ವರ್ಕರ್ ಫೋನ್ ಮಾಡಿದರು. ಇಂಥ ಫೋನ್‌ಗಳೆಲ್ಲ ಶುಕ್ರವಾರ ಮಧ್ಯಾಹ್ನವೇ ಬರುತ್ತವೆ, ಗಮನಿಸಿ. "ಆಸ್ಪತ್ರೆಯವರಿಗೆ ಬೆಡ್ ಬೇಕಂತೆ. ನೀವು ನೋಡಿದ ಹೋಮ್‌ನಲ್ಲಿ ಜಾಗ ಇದೆ. ಅವರ ಶುಲ್ಕ ನಮ್ಮ ದರಕ್ಕಿಂತ ಸ್ವಲ್ಪ ಜಾಸ್ತಿ. ಸಾಮಾನ್ಯವಾಗಿ ಮನೆಯವರು ಟಾಪ್ ಅಪ್ ಕಟ್ಟುತ್ತಾರೆ. ಹೋಮ್‌ನವರು ಕಾಗದ ಕಳಿಸುತ್ತಾರೆ, ಸಹಿ ಮಾಡಿದರೆ ಸೋಮವಾರವೇ ಕರೆದುಕೊಂಡು ಹೋಗಬಹುದು." ಟಾಪ್ ಅಪ್ ಇಲ್ಲದ ಬೇರೆ ಜಾಗ ಇದೆಯಾ ಅಂತ ಕೇಳಿದೆ. "ಸಸ್ಯಾಹಾರ ಸಿಗುವುದು ಸದ್ಯಕ್ಕೆ ಇದೊಂದೇ." ಈ ಮಾತನ್ನು ನೆನಪಿಟ್ಟುಕೊಳ್ಳಿ. ಇಡೀ ಜಗಳ ಇದರ ಮೇಲೆಯೇ ನಿಂತಿದೆ.

ಸಹಿ ಹಾಕಿ ಕಳಿಸಿದೆ. ತಿಂಗಳು ತಿಂಗಳು ದುಡ್ಡು ಹೋಗುತ್ತಾ ಇತ್ತು. ದೊಡ್ಡಮ್ಮ "ಕೌನ್ಸಿಲ್‌ನೋರು ಕೊಡ್ತಾರೆ ಅಂದ್ಯಲ್ಲಪ್ಪಾ, ಮತ್ತೆ ನೀನ್ಯಾಕೆ ಕಟ್ತಿದೀಯಾ?" ಅಂತ ಕೇಳಿದಾಗ ರೂಲ್ಸ್ ಹಾಗಿದೆ ದೊಡ್ಡಮ್ಮಾ ಅಂದೆ. ನಾನೇ ಅವರಿಗೆ ರೂಲ್ಸ್ ಹೇಳಿದ್ದು!

ನಮ್ಮೂರಿನ ಕನ್ನಡಿಗರ ಯುಗಾದಿ ಊಟದಲ್ಲಿ ಪಕ್ಕ ಕೂತಿದ್ದವರು ಬೇರೊಂದು ಕೌನ್ಸಿಲ್‌ನ ಲೆಕ್ಕಪತ್ರ ವಿಭಾಗದಲ್ಲಿ ಕೆಲಸ ಮಾಡುವವರು. ಮಾತಿಗೆ ಮಾತು ಬಂದು ಮೊಬೈಲ್‌ನಲ್ಲಿದ್ದ ಆ ಕಾಗದ ತೋರಿಸಿದೆ. ಎರಡು ಬೆರಳಲ್ಲಿ ದೊಡ್ಡದು ಮಾಡಿ ಮೇಲಿಂದ ಕೆಳಗೆ ನೋಡಿದರು. "ಕೌನ್ಸಿಲ್ ಸಹಿ ಎಲ್ಲಿ?" ಅಂದರು. ನಾನೂ ನೋಡಿದೆ. ಮೇಲೆ ಹೋಮ್‌ನ ಹೆಸರು, ಕೆಳಗೆ ಹೋಮ್‌ನ ಬ್ಯಾಂಕ್ ಖಾತೆ, ನಡುವೆ ನನ್ನ ಸಹಿ. ಕೌನ್ಸಿಲ್ ಅನ್ನುವ ಪದವೇ ಇಲ್ಲ. "ಇದು ಟಾಪ್ ಅಪ್ ಒಪ್ಪಂದವೇ ಅಲ್ಲ ಕಣ್ರೀ, ಸುಮ್ನೆ ನಿಮ್ಮ ಹತ್ರ ದುಡ್ಡು ತಗೊಳ್ತಿದ್ದಾರೆ" ಅಂದರು. ಎಲೆ ಮುಂದೆ ಕೂತಿದ್ದೆ, ತುತ್ತು ಇಳಿಯಲಿಲ್ಲ. ಆಫೀಸಿನಲ್ಲಿ ಕಾಂಟ್ರ್ಯಾಕ್ಟ್ ಓದುವುದೇ ನನ್ನ ಕೆಲಸ. ಯಾರ ಹತ್ತಿರ ಹೇಳಿಕೊಳ್ಳಲಿ?

ಕೇರ್ ಆಕ್ಟ್ 2014 ಮತ್ತು ಅದರ ಜೊತೆಗಿನ ಸರ್ಕಾರಿ ಮಾರ್ಗಸೂಚಿ ಹೇಳುವುದು ಇಷ್ಟು. ಆ ವ್ಯಕ್ತಿಯ ಅಗತ್ಯಕ್ಕೆ ಹೊಂದುವ, ಕೌನ್ಸಿಲ್ ನಿಗದಿ ಮಾಡಿದ ಬಜೆಟ್‌ನೊಳಗೇ ಸಿಗುವ ಒಂದು ಹೋಮನ್ನಾದರೂ ಕೌನ್ಸಿಲ್ ತೋರಿಸಬೇಕು. ಹಾಗೆ ತೋರಿಸಿದ ಮೇಲೂ ನಮಗೆ ಇಷ್ಟ ಅಂತ ದುಬಾರಿ ಹೋಮ್ ಕೇಳಿದರೆ ಮಾತ್ರ ಟಾಪ್ ಅಪ್. ಬಜೆಟ್‌ನೊಳಗೆ ಹೊಂದುವ ಜಾಗವೇ ಇಲ್ಲದಿದ್ದರೆ ಕೌನ್ಸಿಲ್ ಬಜೆಟ್ ಏರಿಸಬೇಕು, ನಮ್ಮನ್ನು ಕೇಳುವ ಹಾಗಿಲ್ಲ. ಟಾಪ್ ಅಪ್ ಇದ್ದರೂ ಲಿಖಿತ ಒಪ್ಪಂದ ಆಗಬೇಕಾದ್ದು ಕೌನ್ಸಿಲ್ ಜೊತೆ. ಕಟ್ಟುವವರಿಗೆ ಕಟ್ಟುವ ತಾಕತ್ತು ಇದೆಯೋ ಇಲ್ಲವೋ ಅಂತಲೂ ಅವರೇ ನೋಡಬೇಕು. ನನ್ನ ಸಂಬಳ ಎಷ್ಟು ಅಂತ ಒಬ್ಬರೂ ಕೇಳಿಲ್ಲ.

ದೂರು ಬರೆದೆ. ದೂರು ತಲುಪಿದೆ ಅಂತ ಮೂರು ಕೆಲಸದ ದಿನಗಳೊಳಗೆ ತಿಳಿಸಬೇಕು ಅಂತ ನಿಯಮ ಇದೆ. ಅದೊಂದನ್ನು ಮಾತ್ರ ಚಾಚೂ ತಪ್ಪದೆ ಪಾಲಿಸಿದರು. ಆಮೇಲೆ ಬಂದ ಉತ್ತರ ಕೇಳಿ: "ನಿಮ್ಮ ಕುಟುಂಬ ಸ್ವಇಚ್ಛೆಯಿಂದ ದುಬಾರಿ ಹೋಮ್ ಆರಿಸಿಕೊಂಡಿದೆ. ಆಹಾರ ಪದ್ಧತಿ ವೈಯಕ್ತಿಕ ಆಯ್ಕೆ." ಆಯ್ಕೆ ಅಂತೆ! ಎಂಬತ್ತು ದಾಟಿದ, ನುಂಗಲಾಗದ ಮನುಷ್ಯನಿಗೆ ಖಿಚಡಿ ಆಯ್ಕೆ ಅಂತೆ! ಅದೇ ಕೌನ್ಸಿಲ್ ಬರೆದ ಅಸೆಸ್‌ಮೆಂಟ್ ತೆಗೆದು ನೋಡಿದರೆ, ಧಾರ್ಮಿಕ ಕಾರಣಕ್ಕೆ ಕಟ್ಟುನಿಟ್ಟಿನ ಸಸ್ಯಾಹಾರ, ಮೆತ್ತಗಿನ ಆಹಾರ ಅಂತ 'ಅಗತ್ಯಗಳು' ಅನ್ನುವ ಪಟ್ಟಿಯಲ್ಲೇ ಇದೆ. ಅದನ್ನು ಸ್ಕ್ಯಾನ್ ಮಾಡಿ ವಾಪಸ್ ಕಳಿಸಿದೆ. ಅದಕ್ಕೆ ಬಂದ ಉತ್ತರ: "ಇದು ನಿಮಗೂ ಹೋಮ್‌ಗೂ ನಡುವಿನ ಖಾಸಗಿ ಒಪ್ಪಂದ." ಹೋಮ್‌ನವರನ್ನು ಕೇಳಿದೆ. "ದರ ನಿಗದಿ ಮಾಡುವುದು ಕೌನ್ಸಿಲ್, ಅವರನ್ನೇ ಕೇಳಿ." ಮತ್ತೆ ಕೌನ್ಸಿಲ್. ಮತ್ತೆ ಹೋಮ್. ಆ ಸೋಷಿಯಲ್ ವರ್ಕರ್ ಈಗ ಬೇರೆ ತಂಡಕ್ಕೆ ಹೋಗಿದ್ದಾರಂತೆ.

ಕೇರ್ ಹೋಮ್‌ಗಳ ತಪಾಸಣೆ ಮಾಡುವ ಸಿಕ್ಯೂಸಿಗೆ ಬರೆದರೆ ಆಗುತ್ತೆ ಅಂತ ಹಲವರು ಹೇಳುತ್ತಾರೆ. ಒಬ್ಬೊಬ್ಬರ ದೂರು ಬಗೆಹರಿಸುವುದು ಸಾಮಾನ್ಯವಾಗಿ ಅವರ ಕೆಲಸವಲ್ಲ. ಮಾಹಿತಿ ಅಂತ ಕೊಡಬಹುದು. 2023ರಿಂದ ಕೌನ್ಸಿಲ್‌ಗಳು ತಮ್ಮ ಕೇರ್ ಜವಾಬ್ದಾರಿ ಹೇಗೆ ನಿಭಾಯಿಸುತ್ತಿವೆ ಅಂತಲೂ ಅವರು ನೋಡುತ್ತಾರೆ.

ಕೊನೆಗೆ ಕೌನ್ಸಿಲ್‌ನ ಪರಿಶೀಲನಾ ಸಮಿತಿಗೆ ಹೋದೆ. ವಯಸ್ಕರ ಆರೈಕೆ, ಸಾರ್ವಜನಿಕ ಆರೋಗ್ಯ, ಎರಡಕ್ಕೂ ಸೇರಿ ಒಂದೇ ಸಮಿತಿ. ಅಧಿಕಾರಿಗಳನ್ನು ಪ್ರಶ್ನಿಸಲು ಚುನಾಯಿತ ಕೌನ್ಸಿಲರ್‌ಗಳು ಕೂರುವ ಸಭೆ. ಜನರೂ ಹೋಗಬಹುದು, ಮುಂಚೆಯೇ ಬರೆದು ಕೊಟ್ಟರೆ ಪ್ರಶ್ನೆ ಕೇಳಬಹುದು. ನನ್ನ ಹೆಸರು ಕರೆದರು, ಪ್ರಶ್ನೆ ಓದಿದೆ. ಅಧಿಕಾರಿ ಮೊದಲೇ ಟೈಪ್ ಮಾಡಿಸಿದ್ದ ಕಾಗದ ನೋಡಿ ಓದಿದರು. "ವೈಯಕ್ತಿಕ ಪ್ರಕರಣಗಳ ಬಗ್ಗೆ ಇಲ್ಲಿ ಚರ್ಚಿಸಲಾಗದು. ನಮ್ಮ ಇಲಾಖೆ ಕಾಯ್ದೆಯಂತೆ ನಡೆಯುತ್ತಿದೆ." ಒಬ್ಬ ಕೌನ್ಸಿಲರ್ ತಲೆಯಾಡಿಸಿದರು. ಧನ್ಯವಾದ, ಮುಂದಿನ ವಿಷಯ, ಫ್ಲೂ ಲಸಿಕೆ. 2013ರಲ್ಲಿ ಸಾರ್ವಜನಿಕ ಆರೋಗ್ಯವೂ ಕೌನ್ಸಿಲ್‌ಗಳ ಹೆಗಲಿಗೆ ಬಂತು. ಸಿಗರೇಟ್ ಬಿಡಿಸುವುದು, ಬೊಜ್ಜು, ಲಸಿಕೆ, ಎಲ್ಲದರ ಮೇಲೂ ಅದೇ ಒಂದು ಸಂಜೆ ಕಣ್ಣಿಡಬೇಕು. ಲಸಿಕೆ ಬೇಡ ಅಂತ ನಾನು ಹೇಳುತ್ತಿಲ್ಲ. ಆದರೆ ಎಷ್ಟು ಮನೆಯವರು ಹೀಗೆ ನೇರವಾಗಿ ಹೋಮ್‌ಗೆ ದುಡ್ಡು ಕಟ್ಟುತ್ತಿದ್ದಾರೆ ಅಂತ ಒಬ್ಬ ಕೌನ್ಸಿಲರ್ ಆದರೂ ಕೇಳಬಾರದಿತ್ತಾ? ಬಾಯೇ ಬಿಡಲಿಲ್ಲ. ಇವರ ಉಸ್ತುವಾರಿ ಊರಜಾತ್ರೆಯ ಉತ್ಸವಮೂರ್ತಿ ಥರ, ಮೆರವಣಿಗೆಗೆ ಮಾತ್ರ ಹೊರಗೆ ಬರುತ್ತದೆ.

ಈಗ ದೂರು ಆಂಬುಡ್ಸ್‌ಮನ್ (ಕೌನ್ಸಿಲ್‌ಗಳ ಮೇಲಿನ ದೂರು ವಿಚಾರಿಸುವ ಸ್ವತಂತ್ರ ಸಂಸ್ಥೆ) ಹತ್ತಿರ ಇದೆ. ಅದಕ್ಕೆ ಫೀಸ್ ಇಲ್ಲ. ಹೋಮ್ ಖಾಸಗಿಯಾದರೂ, ಕೌನ್ಸಿಲ್ ಗೊತ್ತು ಮಾಡಿದ ಜಾಗ ಆದ್ದರಿಂದ ಕೌನ್ಸಿಲ್ ಅನ್ನೇ ಹೊಣೆ ಹಿಡಿಯುತ್ತಾರೆ. ವಿಷಯ ಗೊತ್ತಾದ 12 ತಿಂಗಳೊಳಗೆ ಹೋಗಬೇಕು, ಅದಕ್ಕೂ ಮುಂಚೆ ಕೌನ್ಸಿಲ್‌ಗೆ ದೂರು ಕೊಟ್ಟಿರಬೇಕು. ಅದಕ್ಕೇ ಕೌನ್ಸಿಲ್ ಉತ್ತರ ಎಳೆದಾಡಿದರೆ ಸುಮ್ಮನೆ ಕಾಯುತ್ತಾ ಕೂರಬೇಡಿ.

"ಬಜೆಟ್ ಎಷ್ಟು, ಟಾಪ್ ಅಪ್ ಇಲ್ಲದ ಹೋಮ್ ಯಾವುದು?" ಅಂತ ಈಮೇಲ್‌ನಲ್ಲಿ ಕೇಳಿ. ಫೋನ್‌ನಲ್ಲಿ ಹೇಳಿದ್ದಕ್ಕೆ ಬೆಲೆ ಇಲ್ಲ, ನಾಳೆ ಹಾಗೆ ಹೇಳೇ ಇಲ್ಲ ಅನ್ನುತ್ತಾರೆ. ಊಟ, ಭಾಷೆ, ಪೂಜೆ, ಎಲ್ಲವೂ ಅಸೆಸ್‌ಮೆಂಟ್‌ನಲ್ಲಿ ಅಗತ್ಯ ಅಂತಲೇ ಬರೆಸಿ. ಇದು ಇಂಗ್ಲೆಂಡಿನ ಕಾನೂನು. ಸ್ಕಾಟ್ಲೆಂಡ್, ವೇಲ್ಸ್‌ನಲ್ಲಿ ಇರುವವರು ಅಲ್ಲಿನದು ವಿಚಾರಿಸಿಕೊಳ್ಳಿ.

ಈಗಾಗಲೇ ಸಹಿ ಹಾಕಿದ್ದರೆ ಸಿಟ್ಟಿನಲ್ಲಿ ದುಡ್ಡು ನಿಲ್ಲಿಸಬೇಡಿ. ಹೋಮ್‌ನವರು ಜಾಗ ಖಾಲಿ ಮಾಡಿ ಅಂದರೆ ಒದ್ದಾಡುವುದು ನಮ್ಮ ಹಿರಿಯರೇ. ಕಟ್ಟುತ್ತಲೇ ತಕರಾರು ಇದೆ ಅಂತ ಕೌನ್ಸಿಲ್‌ಗೆ ಬರೆಯಿರಿ, ಕಟ್ಟಿದ್ದಷ್ಟೂ ವಾಪಸ್ ಕೇಳಿ. ನಾನೂ ಅದನ್ನೇ ಮಾಡುತ್ತಿದ್ದೇನೆ.