ಹಾಸನದಲ್ಲಿ ಹಲ್ಲಿನ ಸಿಬಿಸಿಟಿ ಸ್ಕ್ಯಾನ್: ಸಾದಾ ಎಕ್ಸ್‌ರೇಗೆ ಸಿಗದ ಬೇರುಗಳಿಗೆ

ಸಕಲೇಶಪುರ, ಬೇಲೂರು ಕಡೆಯಿಂದ ಬರುವವರನ್ನು ಒಂದು ಸ್ಕ್ಯಾನಿಗೋಸ್ಕರ ಬೆಂಗಳೂರು ಬಸ್ಸು ಹತ್ತಿಸಬೇಕಾಗಿಲ್ಲ, ಹಾಸನದೊಳಗೇ ಸಿಬಿಸಿಟಿ (ಹಲ್ಲು, ದವಡೆಯನ್ನು ಮೂರು ಆಯಾಮದಲ್ಲಿ ತೋರಿಸುವ ಎಕ್ಸ್‌ರೇ ಸ್ಕ್ಯಾನ್) ಆಗುತ್ತದೆ. ಹಾಗಂತ, ದಂತವೈದ್ಯ ಮಿತ್ರರೇ, ಎಲ್ಲ ರೂಟ್ ಕೆನಾಲಿಗೂ (ಬೇರಿನೊಳಗಿನ ನಾಳ ಸ್ವಚ್ಛ ಮಾಡಿ ತುಂಬುವ ಚಿಕಿತ್ಸೆ) ಇದನ್ನು ಬರೆಯಬೇಡಿ. ಮೊದಲು ಸಾದಾ ಎಕ್ಸ್‌ರೇ ಎರಡು ತೆಗೆಯಿರಿ: ಒಂದು ನೇರ, ಇನ್ನೊಂದು ಟ್ಯೂಬನ್ನು ಸುಮಾರು 20 ಡಿಗ್ರಿ ಓರೆ ಮಾಡಿ. ಆಗಲೂ ಬೇರಿನ ಲೆಕ್ಕ ಹತ್ತದಿದ್ದರೆ ಕಳಿಸಿ.

ನಾವು ಕೇಸು ಕಳಿಸುವ ಸೆಂಟರಿನ ಕೆಲಸ ಎಷ್ಟು ಚೆನ್ನಾಗಿದೆ ಅನ್ನುವುದು ಕೆಳಗಿನ ಎರಡನೇ ದವಡೆ ಹಲ್ಲಿನಲ್ಲಿ ಗೊತ್ತಾಗುತ್ತದೆ. ಎಕ್ಸ್‌ರೇಯಲ್ಲಿ ಬೇರುಗಳು ಅಂಟಿಕೊಂಡು ಒಂದೇ ಗೂಟದ ಹಾಗೆ ಕಂಡರೆ ಸಿ ಆಕಾರದ ನಾಳ ಇರಬಹುದೆಂದು ಅನುಮಾನಪಡಬೇಕು. ಸ್ಕ್ಯಾನಿನ ಅಡ್ಡ ಸ್ಲೈಸುಗಳನ್ನು ಮೇಲಿನಿಂದ ಕೆಳಕ್ಕೆ ಉರುಳಿಸುತ್ತ ಹೋದರೆ ನಾಳದ ಬಾಯಿಯ ಹತ್ತಿರ ಕುಡುಗೋಲಿನಂತೆ ಬಾಗಿದ ಒಂದೇ ಸೀಳು ಕಾಣುತ್ತದೆ, ನಡುವೆ ಅದು ಎರಡಾಗಬಹುದು, ಕೆಲವು ಹಲ್ಲಿನಲ್ಲಿ ತುದಿಯ ಹತ್ತಿರ ಮತ್ತೆ ಕೂಡಿಕೊಳ್ಳುತ್ತದೆ. ಕುಡುಗೋಲಿನ ಒಳಬಾಗು ಸಾಮಾನ್ಯವಾಗಿ ನಾಲಿಗೆಯ ಕಡೆಗಿರುತ್ತದೆ, ಅಲ್ಲಿ ಗೋಡೆ ತೀರಾ ತೆಳು. ಆ ಭಾಗಕ್ಕೆ ದಪ್ಪ ರೋಟರಿ ಫೈಲ್ (ಮೋಟಾರಿನಲ್ಲಿ ತಿರುಗುವ ಅರ) ಹಾಕಿದರೆ ಪಕ್ಕಕ್ಕೆ ತೂತು ಬೀಳುತ್ತದೆ. ಸೀಳನ್ನು 25ನೇ ನಂಬರಿನವರೆಗಿನ ಕೈ ಫೈಲಿನಲ್ಲಿ ನಿಧಾನವಾಗಿ ಕೆರೆದು, ಉಳಿದದ್ದನ್ನು ಅಲ್ಟ್ರಾಸಾನಿಕ್‌ನಿಂದ ಕಲಕಿದ ಹೈಪೋಕ್ಲೋರೈಟಿಗೆ (ನಾಳ ತೊಳೆಯುವ ದ್ರಾವಣ) ಬಿಡಿ. ತುಂಬುವಾಗ ಗಟಾಪರ್ಚಾ (ನಾಳ ತುಂಬುವ ರಬ್ಬರಿನಂಥ ವಸ್ತು) ಬಿಸಿ ಮಾಡಿಯೇ ತುಂಬಿ, ತಣ್ಣನೆಯ ಕೋನುಗಳು ಸೀಳಿನಲ್ಲಿ ಸಂದು ಬಿಡುತ್ತವೆ.

ಮೇಲಿನ ಮೊದಲ ದವಡೆ ಹಲ್ಲಿನ ಎಂಬಿ2 ನಾಳದ (ಕೆನ್ನೆ ಕಡೆಯ ಮುಂದಿನ ಬೇರಿನ ಎರಡನೇ ನಾಳ) ವಿಷಯದಲ್ಲಿ ಮಾತ್ರ ಜಾಗ್ರತೆ ಬೇಕು. ಚೀಟಿಯಲ್ಲಿ ಬರೀ ‘ಸಿಬಿಸಿಟಿ’ ಅಂತ ಬರೆದರೆ ಸೆಂಟರಿನವರು ಇಡೀ ದವಡೆ ತೆಗೆದು ಕಳಿಸುತ್ತಾರೆ. ಅದರಲ್ಲಿ ವೋಕ್ಸೆಲ್ (ಚಿತ್ರದ ಮೂರು ಆಯಾಮದ ಚುಕ್ಕಿ) ದೊಡ್ಡದು, ರೋಗಿಗೆ ಬೀಳುವ ಕಿರಣವೂ ಹೆಚ್ಚು. ಕೂದಲೆಳೆಯಂಥ ಆ ನಾಳ ಸುತ್ತಲಿನ ಬೂದು ಬಣ್ಣದಲ್ಲಿ ಕರಗಿಹೋಗುತ್ತದೆ, ‘ಎಂಬಿ2 ಇಲ್ಲ’ ಅಂದುಕೊಂಡು ಹಲ್ಲು ಮುಚ್ಚಿಬಿಡುತ್ತೇವೆ. 5×5 ಸೆಂ.ಮೀ. ಫೀಲ್ಡಿನಲ್ಲಿ (ಸ್ಕ್ಯಾನ್ ಆಗುವ ಜಾಗ), ಸುಮಾರು 0.1 ಮಿ.ಮೀ. ವೋಕ್ಸೆಲಿನಲ್ಲಿ ತೆಗೆದರೆ ಅದೇ ನಾಳ ಕಾಣುವ ಸಾಧ್ಯತೆ ಎಷ್ಟೋ ಹೆಚ್ಚು.

ನಮ್ಮ ದೊಡ್ಡ ದೂರು ಅವರು ಸ್ಕ್ಯಾನ್ ಕೊಡುವ ರೀತಿಯ ಬಗ್ಗೆ. ನಾಲ್ಕೈದು ಚಿತ್ರದ ಪ್ರಿಂಟ್, ವಾಟ್ಸಾಪಿಗೆ ಎರಡು ಫೋಟೋ ಕಳಿಸಿ ಕೆಲಸ ಮುಗಿಯಿತು ಅನ್ನುತ್ತಾರೆ. ನಾಳ ಎಲ್ಲಿ ಕವಲೊಡೆಯಿತು ಅನ್ನುವುದು ಬೇರಿನ ಉದ್ದಕ್ಕೂ ಸ್ಕ್ರೋಲ್ ಮಾಡಿದರಷ್ಟೇ ತಿಳಿಯುವಂಥದ್ದು. ಕೇಳಿದರೆ ಡೈಕಾಮ್ ಫೈಲುಗಳನ್ನು (ಎಲ್ಲ ಸ್ಲೈಸೂ ಇರುವ ಸ್ಕ್ಯಾನಿನ ಮೂಲ ಫೈಲು), ಅವನ್ನು ತೆರೆದು ನೋಡುವ ವ್ಯೂವರ್ ಸಮೇತ ಪೆನ್‌ಡ್ರೈವಿಗೆ ಹಾಕಿಕೊಡುತ್ತಾರೆ. ಕೇಳದೆಯೇ ಕೊಡಬೇಕಿತ್ತು.

ರೋಗಿಯನ್ನು ಸಿದ್ಧಮಾಡುವುದರಲ್ಲಿ ಇಲ್ಲಿನ ಟೆಕ್ನಿಷಿಯನ್‌ಗೆ ಪೂರ್ತಿ ಅಂಕ. ಮೂಗುತಿ, ಓಲೆ, ಸೆಟ್ ಹಲ್ಲು ಎಲ್ಲ ತೆಗೆಸುತ್ತಾರೆ, ಉಗುಳು ಮೊದಲೇ ನುಂಗಿಸಿ ಗದ್ದ ಕದಲದಂತೆ ನಿಲ್ಲಿಸುತ್ತಾರೆ. ಆ ಕೆಲವು ಸೆಕೆಂಡಿನಲ್ಲಿ ತಲೆ ಅಲುಗಿದರೆ ಗೆರೆಗಳು ಎರಡೆರಡಾಗಿ ಬೀಳುತ್ತವೆ.

ಹಲ್ಲಿನ ಮೇಲೆ ಲೋಹದ ಕ್ಯಾಪ್, ಬೇರಿನೊಳಗೆ ಲೋಹದ ಕಡ್ಡಿ (ಪೋಸ್ಟ್) ಇದ್ದರೆ ಯಾವ ಮೆಷಿನ್ನಿನಲ್ಲೂ ಕಪ್ಪು ಪಟ್ಟೆ ಬರುತ್ತದೆ, ಬೇರು ಬಿರುಕು ಬಿಟ್ಟ ಹಾಗೆಯೇ ಕಾಣುತ್ತದೆ. ಹೇಗೂ ತೆಗೆಯಬೇಕಾದ ಕ್ಯಾಪ್ ಆಗಿದ್ದರೆ ತೆಗೆದೇ ಕಳಿಸಿ. ಚೀಟಿಯಲ್ಲಿ ಇಷ್ಟು ಬರೆಯಿರಿ: ‘ಹಲ್ಲು 37, ರೂಟ್ ಕೆನಾಲ್‌ಗಾಗಿ, 5×5 ಫೀಲ್ಡ್, ಪೂರ್ತಿ ಡೈಕಾಮ್ ಕೊಡಿ.’ (37 ಅಂದರೆ ಕೆಳಗಿನ ಎಡಗಡೆಯ ಎರಡನೇ ದವಡೆ ಹಲ್ಲು.)